ಸಿದ್ಧವಾಗದ ಓಟಕ್ಕೆ ಮುಂಗಡ

ಕಾರು ಓಟದ ವಿಡಿಯೊ ಗೇಮ್ ಪೂರ್ತಿ ಸಿದ್ಧವಾಗುವ ಮೊದಲೇ ಅದರ ಒಂದು ತುಣುಕನ್ನೋ, ಇನ್ನೂ ಕಟ್ಟುತ್ತಿರುವ ಅರೆರೂಪವನ್ನೋ ಬೆಲೆ ಕಟ್ಟಿ ಮಾರುವ ಪದ್ಧತಿಗೆ ಎರಡು ದಶಕಗಳಿಗೂ ಹೆಚ್ಚಿನ ಇತಿಹಾಸವಿದೆ. ಆಟ ಹೇಗಿದೆಯೆಂದು ತೋರಿಸಲು ಉಚಿತವಾಗಿ ಕೊಡುವ ತುಣುಕಿಗೆ ‘ಡೆಮೊ’ ಎನ್ನುವುದು ರೂಢಿ. ಅದೇ ತುಣುಕಿಗೆ ಹಣ ಪಡೆದಾಗ ಅದು ಮಾದರಿಯಾಗಿ ಉಳಿಯದೆ ಸರಕೇ ಆಗಿಬಿಡುತ್ತದೆ, ಕೊಂಡವನಿಗೆ ಅದರ ಮೇಲೆ ಹಕ್ಕುಗಳೂ ಹುಟ್ಟುತ್ತವೆ. ಈ ವ್ಯತ್ಯಾಸವನ್ನು ತಿಳಿದುಕೊಳ್ಳುವ ಅಗತ್ಯ ಈಗ ಮಹಾನಗರದ ಆಟಗಾರರಿಗಷ್ಟೇ ಸೀಮಿತವಾಗಿಲ್ಲ. ಸ್ಟೀಮ್ ಎಂಬ ಅಂತರ್ಜಾಲ ಮಳಿಗೆ 2015ರ ನವೆಂಬರ್‌ನಲ್ಲಿ ರೂಪಾಯಿಯಲ್ಲೇ ಬೆಲೆ ತೋರಿಸಲು ಆರಂಭಿಸಿತು, 2016ರಲ್ಲಿ ಯುಪಿಐ ಮತ್ತು ಅಗ್ಗದ 4ಜಿ ಡೇಟಾ ಎರಡೂ ಬಂದವು. ಹಾಗಾಗಿ ಬಳ್ಳಾರಿ ನಗರದ ಕಾಲೇಜು ವಿದ್ಯಾರ್ಥಿಯೂ, ಕುರುಗೋಡಿನ ಹುಡುಗನೂ, ಸಿರುಗುಪ್ಪ ತಾಲ್ಲೂಕಿನ ಹೋಬಳಿ ಕೇಂದ್ರವಾದ ಹಚ್ಚೊಳ್ಳಿಯಲ್ಲಿ ರಜೆಗೆ ಬಂದು ಲ್ಯಾಪ್‌ಟಾಪ್ ತೆರೆದವನೂ ಟೋಕಿಯೊ ಅಥವಾ ರೋಮ್ ನಗರದವನು ಕೊಳ್ಳುವ ಅದೇ ಅರೆಸಿದ್ಧ ಆಟವನ್ನು ಅದೇ ದಿನ ಕೊಳ್ಳಬಲ್ಲವರಾಗಿದ್ದಾರೆ. ಆದರೆ ಆ ಮಾರಾಟದ ಷರತ್ತುಗಳನ್ನು ತಿಳಿಸುವ ಬರಹ ಅವರ ಭಾಷೆಯಲ್ಲಿಲ್ಲ.

ಈ ಪದ್ಧತಿಗೆ ಹೆಸರು ತಂದುಕೊಟ್ಟದ್ದು ಜಪಾನಿನ ‘ಗ್ರ್ಯಾನ್ ಟುರಿಸ್ಮೊ’ ಸರಣಿ. ಕಜುನೊರಿ ಯಮೌಚಿ ಅವರ ನೇತೃತ್ವದ, ಮುಂದೆ ಪಾಲಿಫನಿ ಡಿಜಿಟಲ್ ಸಂಸ್ಥೆಯಾದ ತಂಡ 1997ರ ಡಿಸೆಂಬರ್‌ನಲ್ಲಿ ಸೋನಿಯ ಪ್ಲೇಸ್ಟೇಷನ್ ಯಂತ್ರಕ್ಕಾಗಿ ಮೊದಲ ಆಟವನ್ನು ಹೊರತಂದಿತು. ಅಂಗಡಿಯಲ್ಲಿ ದುಡ್ಡು ಕೊಟ್ಟು ಕೊಳ್ಳಬಹುದಾದ ನಿಜವಾದ ಕಾರುಗಳನ್ನು ಅವುಗಳ ತೂಕ, ಎಂಜಿನ್ ಶಕ್ತಿ, ಟೈರಿನ ಹಿಡಿತಗಳೊಂದಿಗೆ ಪರದೆಯ ಮೇಲೆ ತರುವುದೇ ಆ ಆಟದ ಹಿರಿಮೆಯಾಗಿತ್ತು. 2002ರ ಜನವರಿಯಲ್ಲಿ, ಟೋಕಿಯೊ ಮೋಟಾರ್ ಶೋದಲ್ಲಿ ಪ್ರದರ್ಶನಗೊಂಡ ಕಾರುಗಳನ್ನು ಆಧರಿಸಿದ ‘ಕಾನ್ಸೆಪ್ಟ್’ ಎಂಬ ಚಿಕ್ಕ ಆಟವನ್ನು ಸಂಸ್ಥೆ ಮಾರಿತು. 2003ರ ಡಿಸೆಂಬರ್‌ನಲ್ಲಿ ನಾಲ್ಕನೆಯ ಆಟದ ‘ಪ್ರೊಲಾಗ್’, ಅಂದರೆ ಪೀಠಿಕೆ, ಜಪಾನಿನಲ್ಲಿ ಬಿಡುಗಡೆಯಾಯಿತು. ಪೂರ್ಣ ಆಟ ಬಂದದ್ದು ಒಂದು ವರ್ಷದ ಮೇಲೆ, 2004ರ ಡಿಸೆಂಬರ್ ಕೊನೆಗೆ. ಇವುಗಳ ನಂತರ, 2006ರ ಡಿಸೆಂಬರ್‌ನಲ್ಲಿ ಪ್ಲೇಸ್ಟೇಷನ್ 3 ಯಂತ್ರದವರಿಗೆ ಒಂದೇ ಓಟದ ದಾರಿಯಿದ್ದ ‘ಎಚ್‌ಡಿ ಕಾನ್ಸೆಪ್ಟ್’ ಅನ್ನು ಇದೇ ಸಂಸ್ಥೆ ಉಚಿತವಾಗಿಯೂ ಕೊಟ್ಟಿತ್ತೆಂಬುದನ್ನು ನೆನಪಿಡಬೇಕು. ಒಂದೇ ಕೈ ಕೆಲವೊಮ್ಮೆ ಮುನ್ನೋಟವನ್ನು ಪುಕ್ಕಟೆ ಹಂಚಿದೆ, ಕೆಲವೊಮ್ಮೆ ಮಾರಿದೆ.

ಇವೆಲ್ಲಕ್ಕಿಂತ ಹೆಚ್ಚು ಚರ್ಚೆಯಾದದ್ದು ‘ಗ್ರ್ಯಾನ್ ಟುರಿಸ್ಮೊ 5 ಪ್ರೊಲಾಗ್’. 2007ರ ಡಿಸೆಂಬರ್ 13ರಂದು ಜಪಾನಿನಲ್ಲಿ, 2008ರ ಮಾರ್ಚ್ ಮತ್ತು ಏಪ್ರಿಲ್‌ನಲ್ಲಿ ಯುರೋಪ್ ಹಾಗೂ ಅಮೆರಿಕದಲ್ಲಿ ಬಿಡುಗಡೆಯಾದ ಈ ಆವೃತ್ತಿಗೆ ಅಮೆರಿಕದಲ್ಲಿ ಸುಮಾರು 40 ಡಾಲರ್ ಬೆಲೆಯಿತ್ತು. ಆಗ ಅದೇ ಯಂತ್ರದ ಪೂರ್ಣ ಆಟವೊಂದರ ರೂಢಿಯ ಬೆಲೆ 60 ಡಾಲರ್. ಪೂರ್ಣ ಬೆಲೆಯ ಮೂರರಲ್ಲಿ ಎರಡು ಪಾಲು ಕೊಟ್ಟವನಿಗೆ ಸಿಕ್ಕದ್ದು ಎಪ್ಪತ್ತಕ್ಕೂ ಹೆಚ್ಚು ಕಾರುಗಳು, ಸುಜುಕಾ, ಫ್ಯುಜಿ, ಡೇಟೋನಾ, ಲಂಡನ್ ಬೀದಿಗಳು ಸೇರಿ ಆರು ಓಟದ ತಾಣಗಳು, ಮತ್ತು ಅಂತರ್ಜಾಲದ ಮೂಲಕ ಹದಿನಾರು ಮಂದಿ ಒಟ್ಟಿಗೆ ಓಡುವ ಅವಕಾಶ. ಪೂರ್ಣ ಆಟ ಬಂದದ್ದು 2010ರ ನವೆಂಬರ್ 24ರಂದು. ಘೋಷಿಸಿದ ತಾರೀಖು ಅದೇ ತಿಂಗಳ ಆರಂಭದಲ್ಲಿತ್ತು, ಅದೂ ಕೊನೆಗಳಿಗೆಯಲ್ಲಿ ಮುಂದಕ್ಕೆ ಹೋಯಿತು. ಹೀಗೆ ಜಪಾನಿನ ಗ್ರಾಹಕ ಪೀಠಿಕೆಗೂ ಗ್ರಂಥಕ್ಕೂ ನಡುವೆ ಸುಮಾರು ಮೂರು ವರ್ಷ ಕಾಯಬೇಕಾಯಿತು. ಸಾವಿರಕ್ಕೂ ಹೆಚ್ಚು ಕಾರುಗಳಿದ್ದ ಪೂರ್ಣ ಆಟವನ್ನು ಕೊಳ್ಳುವಾಗ ಪೀಠಿಕೆಗೆ ಕೊಟ್ಟ ಹಣ ಅದರಲ್ಲಿ ವಜಾ ಆಗಲಿಲ್ಲ. ಹೀಗಿದ್ದೂ ಪೀಠಿಕೆಯ ಐವತ್ತು ಲಕ್ಷಕ್ಕೂ ಹೆಚ್ಚು ಪ್ರತಿಗಳು ಮಾರಾಟವಾದವು.

ಗ್ರಾಹಕರು ಇಷ್ಟು ಹಣ ಕೊಟ್ಟದ್ದು ಏತಕ್ಕೆಂಬುದನ್ನು ಆಟದೊಳಗಿನ ಒಂದು ನೋಟದಿಂದ ತಿಳಿಯಬಹುದು. ಸರಣಿಯಲ್ಲಿ ಮೊದಲ ಬಾರಿಗೆ ಪ್ರೊಲಾಗ್ ಆವೃತ್ತಿ ಆಟಗಾರನನ್ನು ಚಾಲಕನ ಸೀಟಿನಲ್ಲಿ ಕೂರಿಸಿತು: ಕೈಗವಸು ತೊಟ್ಟ ಎರಡು ಕೈಗಳು ಸ್ಟೀರಿಂಗ್ ತಿರುಗಿಸುವುದು, ಅದರಾಚೆ ಎಂಜಿನ್ನಿನ ಸುತ್ತು ತೋರಿಸುವ ಮುಳ್ಳು ಏರಿ ಗೇರು ಬದಲಾದೊಡನೆ ಥಟ್ಟನೆ ಇಳಿಯುವುದು, ಪಕ್ಕದ ಕನ್ನಡಿಯಲ್ಲಿ ಹಿಂದಿನ ಕಾರು ಹತ್ತಿರವಾಗುವುದು, ಇವೆಲ್ಲ ಆಯಾ ಕಾರಿನ ಒಳಾಂಗಣಕ್ಕೆ ತಕ್ಕಂತೆ ಬೇರೆ ಬೇರೆಯಾಗಿ ರಚಿತವಾಗಿದ್ದವು. ಇಂಥ ಒಂದು ಕಾರನ್ನು ಕಂಪ್ಯೂಟರಿನಲ್ಲಿ ಕಟ್ಟಲು ಒಬ್ಬ ಕಲಾವಿದನಿಗೆ ಆರು ತಿಂಗಳು ಬೇಕಾಗುತ್ತದೆಂದೂ, ಸರಣಿಯ ಆರಂಭದ ದಿನಗಳಲ್ಲಿ ಅದೇ ಕೆಲಸಕ್ಕೆ ಒಂದು ದಿನ ಸಾಕಾಗುತ್ತಿತ್ತೆಂದೂ ಯಮೌಚಿ ವಿವರಿಸಿದ್ದರು. ಐದನೆಯ ಆಟಕ್ಕೆ ಆರು ಕೋಟಿ ಡಾಲರ್ ಖರ್ಚಾಗಿದೆಯೆಂದು 2009ರಲ್ಲಿ ಹೇಳಿದವರೂ ಅವರೇ. ಯಂತ್ರದ ಶಕ್ತಿ ಹೆಚ್ಚಿದಷ್ಟೂ ಅದನ್ನು ತುಂಬಿಸುವ ಮನುಷ್ಯರ ದುಡಿಮೆ ಹೆಚ್ಚುತ್ತ ಹೋಯಿತು, ದುಡಿಮೆ ಹೆಚ್ಚಿದಂತೆ ಬಿಡುಗಡೆ ತಡವಾಯಿತು, ತಡವಾದ ವರ್ಷಗಳಲ್ಲಿ ಸಂಬಳಕ್ಕೆ ಹಣವೂ ಗ್ರಾಹಕರ ಗಮನವೂ ಬೇಕಾದವು. ಹಣ ಕೊಟ್ಟು ಕೊಳ್ಳುವ ಮುನ್ನೋಟ ಹುಟ್ಟಿದ್ದು ಈ ಬಿಕ್ಕಟ್ಟಿನಲ್ಲಿ; ಅದನ್ನು ದುರಾಸೆಯೊಂದೇ ಎಂದು ತಳ್ಳಿಹಾಕುವುದು ಸರಿಯಾದ ವಿಶ್ಲೇಷಣೆಯಲ್ಲ.

ಆ ದುಡಿಮೆಯ ಒಂದು ಪಾಲು ಕರ್ನಾಟಕದಲ್ಲೇ ನಡೆದಿದೆಯೆಂಬುದು ಇಲ್ಲಿನ ಓದುಗರಿಗೆ ಹೆಚ್ಚು ಪರಿಚಿತವಲ್ಲ. ರಾಜೇಶ್ ರಾವ್ ಅವರು 1997ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಧ್ರುವ ಇಂಟರಾಕ್ಟಿವ್, ಭಾರತದ ಮೊದಲ ಗೇಮ್ ನಿರ್ಮಾಣ ಸಂಸ್ಥೆಗಳ ಸಾಲಿನಲ್ಲಿ ನಿಲ್ಲುತ್ತದೆ. ಮೈಕ್ರೋಸಾಫ್ಟ್‌ನ ‘ಫೋರ್ಜಾ’ ಸರಣಿಯ ಓಟದ ಆಟಗಳಿಗೆ ಬೇಕಾದ ಕಲಾಕೆಲಸವನ್ನು ಅದರ ಕಲಾವಿದರು ಮಾಡಿಕೊಟ್ಟರು. ಇಂಥ ಕೆಲಸದಲ್ಲಿ ಕಾರಿನ ಛಾಯಾಚಿತ್ರ ಮತ್ತು ಅಳತೆಗಳನ್ನು ಮುಂದಿಟ್ಟುಕೊಂಡು, ‘ಪಾಲಿಗನ್’ ಎಂದು ಕರೆಯುವ ಸಣ್ಣ ಸಣ್ಣ ಬಹುಭುಜಗಳನ್ನು ಒಂದಕ್ಕೊಂದು ಜೋಡಿಸಿ, ಹೆಡ್‌ಲೈಟಿನ ಗಾಜಿನೊಳಗಿನ ಗೆರೆಗಳಿಂದ ಹಿಡಿದು ಸೀಟಿನ ಹೊಲಿಗೆಯವರೆಗೆ ಎಲ್ಲವನ್ನೂ ಕೈಯಾರೆ ರೂಪಿಸಬೇಕಾಗುತ್ತದೆ. ಧ್ರುವ ಸಂಸ್ಥೆ ಮುಂದೆ ಸ್ವೀಡನ್ನಿನ ಸ್ಟಾರ್‌ಬ್ರೀಜ್ ಪಾಲಾಗಿ, 2019ರಲ್ಲಿ ಅಮೆರಿಕದ ರಾಕ್‌ಸ್ಟಾರ್ ಗೇಮ್ಸ್ ಸಂಸ್ಥೆಗೆ 79 ಲಕ್ಷ ಡಾಲರಿಗೆ ಮಾರಾಟವಾಗಿ ಅದರ ಬೆಂಗಳೂರು ಶಾಖೆಯಲ್ಲಿ ಸೇರಿಹೋಯಿತು. ರಾಜ್ಯ ಸರ್ಕಾರವೂ 2012ರಲ್ಲೇ ಆ್ಯನಿಮೇಷನ್, ದೃಶ್ಯ ಪರಿಣಾಮ, ಗೇಮಿಂಗ್ ಮತ್ತು ಕಾಮಿಕ್ಸ್ ಕ್ಷೇತ್ರಕ್ಕೆ ಪ್ರತ್ಯೇಕ ನೀತಿಯನ್ನು ತಂದಿತ್ತು. ಕೊಳ್ಳುವವರ ನಾಡು ಮಾಡುವವರ ನಾಡೂ ಆಗಿರುವುದರಿಂದ ಅರೆಸಿದ್ಧ ಆಟದ ಮಾರಾಟವನ್ನು ಇಲ್ಲಿ ಎರಡೂ ಕಡೆಯಿಂದ ನೋಡಬೇಕಾಗುತ್ತದೆ.

ಪ್ರೊಲಾಗ್ ಚಿಕ್ಕದಾಗಿದ್ದರೂ ತನ್ನಷ್ಟಕ್ಕೆ ಪೂರ್ಣವಾಗಿತ್ತು. ಡಿಸ್ಕ್ ಕೊಂಡವನಿಗೆ ಕೈಯಲ್ಲಿದ್ದುದೇ ಸರಕು. ಸ್ಟೀಮ್ ಮಳಿಗೆಯನ್ನು ನಡೆಸುವ ವಾಲ್ವ್ ಸಂಸ್ಥೆ 2013ರ ಮಾರ್ಚ್‌ನಲ್ಲಿ ಆರಂಭಿಸಿದ ‘ಅರ್ಲಿ ಆಕ್ಸೆಸ್’ ಇದರಿಂದ ಮೂಲತಃ ಬೇರೆ. ಅಲ್ಲಿ ಮಾರುವುದು ಇನ್ನೂ ನಿರ್ಮಾಣದಲ್ಲಿರುವ ಆಟವನ್ನೇ. ಕೊಂಡವನು ತಪ್ಪುಗಳನ್ನು ಸಹಿಸಿಕೊಂಡು ಆಡುತ್ತಾನೆ, ನಿರ್ಮಾಪಕ ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ ಹೊಸ ಭಾಗ ಸೇರಿಸುತ್ತಾನೆ, ಆಟ ಮುಗಿದಾಗ ಹಳೆಯ ಗ್ರಾಹಕನಿಗೆ ಪೂರ್ಣ ಆವೃತ್ತಿ ಮತ್ತೆ ಹಣ ಕೇಳದೆ ಸಿಗುವುದು ರೂಢಿ. ಪೀಠಿಕೆಗೊಮ್ಮೆ ಗ್ರಂಥಕ್ಕೊಮ್ಮೆ ಹಣ ಕೊಡುವ ಹಳೆಯ ಕ್ರಮಕ್ಕಿಂತ ಇದು ನ್ಯಾಯವೆಂದು ತೋರುತ್ತದೆ, ಆಟ ಮುಗಿಯುವುದಾದರೆ.

ಮುಗಿದ ಒಳ್ಳೆಯ ಉದಾಹರಣೆಗಳು ಓಟದ ಆಟಗಳಲ್ಲೇ ಇವೆ. ರೋಮ್ ಸಮೀಪದ ವಲ್ಲೆಲುಂಗಾ ರೇಸ್ ಟ್ರ್ಯಾಕಿನ ಆವರಣದಲ್ಲೇ ಕಚೇರಿ ಹೊಂದಿರುವ ಕುನೋಸ್ ಸಂಸ್ಥೆಯ ‘ಅಸೆಟ್ಟೊ ಕೊರ್ಸಾ’ 2013ರ ನವೆಂಬರ್‌ನಲ್ಲಿ ಅರ್ಲಿ ಆಕ್ಸೆಸ್ ಆಗಿ ಬಂದು 2014ರ ಡಿಸೆಂಬರ್‌ನಲ್ಲಿ ಪೂರ್ಣಗೊಂಡಿತು. ಇದು ‘ಸಿಮ್ಯುಲೇಟರ್’ ಬಗೆಯ ಆಟ, ಅಂದರೆ ಮನರಂಜನೆಗಿಂತ ನಿಜವಾದ ವಾಹನದ ವರ್ತನೆಯನ್ನು ಅನುಕರಿಸುವುದಕ್ಕೆ ಪ್ರಾಶಸ್ತ್ಯ ಕೊಡುವ ಆಟ. ಲೇಸರ್ ಕಿರಣದಿಂದ ಟ್ರ್ಯಾಕನ್ನು ಅಳೆದು ಅದರ ಉಬ್ಬುತಗ್ಗುಗಳನ್ನು ಇದ್ದಂತೆಯೇ ಆಟದೊಳಗೆ ತಂದಿದ್ದರಿಂದ, ತಿರುವಿನ ಅಂಚಿನ ಕಟ್ಟೆಯನ್ನು ಚಕ್ರ ಹತ್ತಿದಾಗ ಆಟದ ಸ್ಟೀರಿಂಗ್ ಹಿಡಿದ ಕೈಗೂ ಆ ಅದುರು ತಲುಪುತ್ತದೆ. ಬ್ರಿಟನ್ನಿನ ಕೋಡ್‌ಮಾಸ್ಟರ್ಸ್ ಸಂಸ್ಥೆಯ ‘ಡರ್ಟ್ ರ‍್ಯಾಲಿ’ 2015ರ ಏಪ್ರಿಲ್‌ನಲ್ಲಿ ಆರಂಭವಾಗಿ ಅದೇ ವರ್ಷದ ಡಿಸೆಂಬರ್‌ನಲ್ಲಿ ಮುಗಿಯಿತು. ಇವೆರಡರಲ್ಲಿಯೂ ಮೊದಲೇ ಕೊಂಡವರ ದೂರು, ಸಲಹೆಗಳಿಂದ ಆಟ ತಿದ್ದಿಕೊಂಡು ಬೆಳೆಯಿತೆಂಬುದು ಒಪ್ಪಿಕೊಳ್ಳಬೇಕಾದ ಸಂಗತಿ.

ಇನ್ನು ಕೆಲವು ಆಟಗಳಿಗೆ ಕಾಲ ಹಿಡಿದದ್ದು ಬೇರೆ ರೀತಿಯಲ್ಲಿ. ಫಿನ್ಲೆಂಡಿನ ಬಗ್‌ಬೇರ್ ಸಂಸ್ಥೆಯ ‘ರೆಕ್‌ಫೆಸ್ಟ್’ 2014ರ ಜನವರಿಯಲ್ಲಿ ಬೇರೊಂದು ಹೆಸರಿನಲ್ಲಿ ಮಾರಾಟಕ್ಕೆ ಬಂದು, ನಡುವೆ ಮುಳುಗೇಹೋಯಿತೇನೋ ಎಂಬ ಆತಂಕ ಹುಟ್ಟಿಸಿ, 2018ರ ಜೂನ್‌ನಲ್ಲಿ ಮುಗಿಯಿತು. ಆರಂಭದಲ್ಲಿ ಕೊಂಡ ಹೈಸ್ಕೂಲು ಹುಡುಗ ಅಷ್ಟರಲ್ಲಿ ಪದವಿ ತರಗತಿಗೆ ಬಂದಿರುತ್ತಾನೆ. ಜರ್ಮನಿಯ ‘ಬೀಮ್‌ಎನ್‌ಜಿ ಡ್ರೈವ್’ 2015ರ ಮೇ ತಿಂಗಳಲ್ಲಿ ಸ್ಟೀಮ್‌ಗೆ ಬಂದು ಹತ್ತು ವರ್ಷ ಕಳೆದ ಮೇಲೂ ಅರ್ಲಿ ಆಕ್ಸೆಸ್ ಫಲಕದ ಅಡಿಯಲ್ಲೇ ಇತ್ತು. ಆದರೆ ಡಿಕ್ಕಿಯಾದ ಕಾರಿನ ತಗಡು ಜಾಗಕ್ಕೆ ತಕ್ಕಂತೆ ನಜ್ಜುಗುಜ್ಜಾಗುವುದನ್ನು ಅಷ್ಟು ಸೂಕ್ಷ್ಮವಾಗಿ ತೋರಿಸುವ ಆಟ ಇನ್ನೊಂದು ಸುಲಭವಾಗಿ ಸಿಗದಿರುವುದರಿಂದ, ಕೊಂಡವರಿಗೆ ಮೋಸವಾಯಿತೆಂದು ಯಾರೂ ಹೇಳಲಾರರು. ಆದ್ದರಿಂದ ‘ಮುಗಿದಿದೆಯೇ’ ಎಂಬುದಕ್ಕಿಂತ ‘ಇಂದು ಇರುವುದು ಇಂದಿನ ಬೆಲೆಗೆ ತಕ್ಕುದೇ’ ಎಂಬುದು ಹೆಚ್ಚು ಉಪಯೋಗದ ಪ್ರಶ್ನೆ. ವಾಲ್ವ್ ಸಂಸ್ಥೆಯೇ ಇದನ್ನು ಒಪ್ಪುತ್ತದೆ: ಇಂಥ ಪ್ರತಿಯೊಂದು ಆಟದ ಪುಟದಲ್ಲಿಯೂ ಈ ಆಟ ಪೂರ್ಣವಲ್ಲ, ಮುಂದೆ ಬದಲಾಗಬಹುದು ಅಥವಾ ಬದಲಾಗದೆಯೂ ಇರಬಹುದು, ಈಗಿರುವ ಸ್ಥಿತಿಯಲ್ಲಿ ಇಷ್ಟವಾಗದಿದ್ದರೆ ಕಾಯುವುದು ಲೇಸು ಎಂಬ ಅರ್ಥದ ಎಚ್ಚರಿಕೆ ಇರುತ್ತದೆ. ಅದರ ಕೆಳಗೆ, ಈ ಮಾರ್ಗ ಹಿಡಿದದ್ದೇಕೆ, ಎಷ್ಟು ಕಾಲ ಬೇಕು, ಪೂರ್ಣ ಆಟ ಹೇಗೆ ಭಿನ್ನವಾಗಲಿದೆ, ಈಗ ಏನೇನಿದೆ, ಮುಂದೆ ಬೆಲೆ ಏರುವುದೇ, ಆಟಗಾರರ ಅಭಿಪ್ರಾಯಕ್ಕೆ ಎಷ್ಟು ಮನ್ನಣೆ ಎಂಬ ಪ್ರಶ್ನೆಗಳಿಗೆ ನಿರ್ಮಾಪಕರ ಉತ್ತರಗಳಿರುತ್ತವೆ. ಕೊಳ್ಳುವ ಮೊದಲು ಓದಲೇಬೇಕಾದ ಭಾಗ ಇದು. ಥಳಥಳಿಸುವ ಟ್ರೈಲರಿನ ಕೆಳಗಿದ್ದು ಹೆಚ್ಚಿನವರ ಕಣ್ಣಿಗೆ ಬೀಳದ ಭಾಗವೂ ಇದೇ. 2025ರ ಫೆಬ್ರುವರಿಯಿಂದ, ಒಂದು ವರ್ಷಕ್ಕೂ ಮೀರಿ ಹೊಸದೇನೂ ಸೇರದ ಆಟಗಳ ಪುಟದಲ್ಲಿ ಆ ವಿಷಯವನ್ನು ಸ್ಟೀಮ್ ತಾನಾಗಿಯೇ ತಿಳಿಸುತ್ತಿದೆ.

ಭರವಸೆ ಮತ್ತು ಕೈಯಲ್ಲಿರುವ ಸರಕಿನ ನಡುವಿನ ಅಂತರಕ್ಕೆ ‘ಅಸೆಟ್ಟೊ ಕೊರ್ಸಾ ಇವೊ’ ಹತ್ತಿರದ ನಿದರ್ಶನ. 2025ರ ಜನವರಿ 16ರಂದು ಅರ್ಲಿ ಆಕ್ಸೆಸ್ ಆಗಿ ಬಂದಾಗ ಅದರಲ್ಲಿದ್ದದ್ದು 20 ಕಾರು, 5 ಟ್ರ್ಯಾಕ್, ಒಬ್ಬನೇ ಆಡುವ ಸೌಲಭ್ಯ. ಘೋಷಣೆಯಲ್ಲಿದ್ದದ್ದು 100 ಕಾರು, 25 ಟ್ರ್ಯಾಕ್. ಮೊದಲ ಅಸೆಟ್ಟೊ ಕೊರ್ಸಾದ ಒಳ್ಳೆಯ ಹೆಸರನ್ನು ನಂಬಿ ಕೊಂಡವನು ಘೋಷಣೆಯ ಐದರಲ್ಲೊಂದು ಪಾಲನ್ನಷ್ಟೇ ಅಂದು ಮನೆಗೆ ತಂದ. ಇದು ಅಪ್ರಾಮಾಣಿಕತೆಯಲ್ಲ, ಏಕೆಂದರೆ ಎರಡೂ ಅಂಕಿಗಳು ಬಹಿರಂಗವಾಗಿದ್ದವು.

ಮುಂಗಡ ಕೊಟ್ಟವನನ್ನು ಪಾಲುದಾರನೆಂದೇ ಕರೆದ ಪ್ರಯೋಗವೂ ಒಂದು ನಡೆದಿದೆ. ಬ್ರಿಟನ್ನಿನ ಸ್ಲೈಟ್ಲಿ ಮ್ಯಾಡ್ ಸ್ಟುಡಿಯೊಸ್ 2011ರಿಂದ ‘ಪ್ರಾಜೆಕ್ಟ್ ಕಾರ್ಸ್’ ಆಟಕ್ಕಾಗಿ ಸಾರ್ವಜನಿಕರಿಂದ 10 ಯೂರೊದಿಂದ ಹಿಡಿದು ದೊಡ್ಡ ಮೊತ್ತಗಳವರೆಗೆ ಹಣ ಪಡೆದು, ಕೊಟ್ಟ ಮೊತ್ತಕ್ಕೆ ತಕ್ಕಂತೆ ಅರೆಸಿದ್ಧ ಆವೃತ್ತಿಗಳನ್ನು ಆಡಲು ಕೊಟ್ಟು, ಮುಂದೆ ಬರುವ ಲಾಭದಲ್ಲಿಯೂ ಪಾಲು ಕೊಡುವುದಾಗಿ ಹೇಳಿತು. ಲಾಭದ ಮಾತು ಬಂದಕೂಡಲೇ ಇದು ಆಟದ ಮಾರಾಟವೋ ಬಂಡವಾಳ ಸಂಗ್ರಹವೋ ಎಂಬ ಪ್ರಶ್ನೆಯನ್ನು ಬ್ರಿಟನ್ನಿನ ಹಣಕಾಸು ನಿಯಂತ್ರಣ ಸಂಸ್ಥೆ ಎತ್ತಿತು. ಆಟವೇನೋ 2015ರ ಮೇ ತಿಂಗಳಲ್ಲಿ ಬಂದು ಯಶಸ್ಸನ್ನೂ ಕಂಡಿತು. ಇದಕ್ಕೆ ತೀರ ವಿರುದ್ಧವಾದದ್ದು, ಸಿದ್ಧವಾಗಿ ಕುಳಿತಿರುವ ಆಟವನ್ನೇ ಹೆಚ್ಚು ಹಣ ಕೊಟ್ಟವರಿಗೆ ನಾಲ್ಕು ದಿನ ಮೊದಲು ತೆರೆದುಕೊಡುವ ಕ್ರಮ. 2021ರ ನವೆಂಬರ್‌ನಲ್ಲಿ ‘ಫೋರ್ಜಾ ಹೊರೈಜನ್ 5’ ಎಲ್ಲರಿಗೆ 9ರಂದು, ದುಬಾರಿ ಆವೃತ್ತಿ ಕೊಂಡವರಿಗೆ 5ರಂದು ಸಿಕ್ಕಿತು. ಇಲ್ಲಿ ಗ್ರಾಹಕ ನಿರ್ಮಾಣಕ್ಕೆ ನೆರವಾಗುವುದೂ ಇಲ್ಲ, ಅಪೂರ್ಣತೆಯ ರಿಯಾಯಿತಿ ಪಡೆಯುವುದೂ ಇಲ್ಲ. ಮೊದಲೇ ಆಡುವ ಅವಕಾಶದ ಮಟ್ಟಿಗೆ ಅವನು ಕೊಳ್ಳುವುದು ನಾಲ್ಕು ದಿನಗಳ ಅವಸರವನ್ನು ಮಾತ್ರ. ಮುನ್ನೋಟ ಮಾರಾಟದ ರೂಪಗಳಲ್ಲಿ ಸಮರ್ಥಿಸಲು ಅತ್ಯಂತ ಕಷ್ಟವಾದದ್ದು ಇದು.

ಸಣ್ಣ ಊರಿನ ಗ್ರಾಹಕನಿಗೆ ಈ ವ್ಯವಹಾರದಲ್ಲಿ ಬೆಲೆಯ ಜೊತೆಗೆ ಬೇರೆ ಖರ್ಚುಗಳೂ ಬರುತ್ತವೆ. ಈಚಿನ ಓಟದ ಆಟಗಳಲ್ಲಿ ಕೆಲವು ನೂರು ಗಿಗಾಬೈಟ್ ಜಾಗವನ್ನೂ ಮೀರುತ್ತವೆ. ಮನೆಗೆ ಫೈಬರ್ ಸಂಪರ್ಕವಿಲ್ಲದೆ ದಿನಕ್ಕೆ ಒಂದೂವರೆ ಗಿಗಾಬೈಟ್‌ನ ಮೊಬೈಲ್ ಪ್ಯಾಕನ್ನೇ ನಂಬಿದವನು ಬೇರೇನನ್ನೂ ನೋಡದೆ ಡೌನ್‌ಲೋಡ್ ಮಾಡಿದರೂ ನೂರು ಗಿಗಾಬೈಟ್ ಇಳಿಯಲು ಎರಡು ತಿಂಗಳು ಮೀರುತ್ತದೆ. ಪೂರ್ಣ ಆಟವಾದರೆ ಈ ಶ್ರಮ ಒಮ್ಮೆ ಮುಗಿಯುತ್ತದೆ. ಅರೆಸಿದ್ಧ ಆಟವಾದರೆ ಪ್ರತಿ ಹೊಸ ಆವೃತ್ತಿಗೂ ಮತ್ತಷ್ಟು ಡೇಟಾ ಬೇಕು. ಆರಂಭದ ಆವೃತ್ತಿಗಳಲ್ಲಿ ಯಂತ್ರದ ಮೇಲಿನ ಭಾರವನ್ನು ಇಳಿಸುವ ಕೆಲಸವೂ ಬಾಕಿಯಿರುವುದರಿಂದ, ಗ್ರಾಫಿಕ್ಸ್ ಕಾರ್ಡ್ ಹಳೆಯದಾದರೆ ಚಿತ್ರ ತಡವರಿಸಿ ತಡವರಿಸಿ ಓಡುತ್ತದೆ. ಸೆಕೆಂಡಿನ ಹತ್ತರಲ್ಲೊಂದು ಭಾಗದಲ್ಲಿ ಬ್ರೇಕ್ ಒತ್ತಬೇಕಾದ ಓಟದ ಆಟಕ್ಕೆ ಇದಕ್ಕಿಂತ ದೊಡ್ಡ ತೊಡಕಿಲ್ಲ.

ಹಣ ವಾಪಸು ಪಡೆಯುವ ದಾರಿ ಇದೆ, ಆದರೆ ಅದು ಕಿರಿದು. ಸ್ಟೀಮ್ 2015ರ ಜೂನ್‌ನಿಂದ ಪಾಲಿಸುತ್ತಿರುವ ನಿಯಮದ ಪ್ರಕಾರ ಕೊಂಡು 14 ದಿನ ಮೀರಿರಬಾರದು, ಆಡಿದ್ದು ಎರಡು ಗಂಟೆಯೊಳಗಿರಬೇಕು. ಡೌನ್‌ಲೋಡ್ ಮಾಡಿದ ಸಮಯ ಎರಡು ಗಂಟೆಯ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಆಟ ತೆರೆದುಕೊಂಡ ಮೇಲೆ ಸ್ಟೀರಿಂಗ್ ಜೋಡಿಸಲು, ಚಿತ್ರದ ಗುಣಮಟ್ಟ ಹೊಂದಿಸಲು ಕಳೆದ ಸಮಯವೆಲ್ಲ ಆಡಿದ್ದೆಂದೇ ಎಣಿಕೆಯಾಗುತ್ತದೆ. ನಿಧಾನ ಸಂಪರ್ಕದವನಿಗೆ ಇನ್ನೂ ದೊಡ್ಡ ತೊಡಕೆಂದರೆ, ಡೌನ್‌ಲೋಡ್ ಮುಗಿಯುವಷ್ಟರಲ್ಲಿ ಆ 14 ದಿನಗಳೇ ಕಳೆದುಹೋಗಿರಬಹುದು. ಪ್ಲೇಸ್ಟೇಷನ್ ಮಳಿಗೆಯಲ್ಲಂತೂ ಡೌನ್‌ಲೋಡ್ ಆರಂಭಿಸಿದರೆ, ಸರಕು ದೋಷಪೂರಿತವಲ್ಲದಿದ್ದಲ್ಲಿ, ವಾಪಸು ಕೇಳುವ ಅವಕಾಶ ಮುಗಿಯಿತು.

ಭಾರತದ ಕಾನೂನಿಗೆ ಇಂಥ ವ್ಯವಹಾರ ಪೂರ್ತಿ ಹೊಸದೇನಲ್ಲ. 1930ರ ಸರಕು ಮಾರಾಟ ಕಾಯ್ದೆಯ 6ನೆಯ ಕಲಮು, ಒಪ್ಪಂದದ ಹೊತ್ತಿಗೆ ಅಸ್ತಿತ್ವದಲ್ಲಿಲ್ಲದೆ ಮುಂದೆ ತಯಾರಾಗಬೇಕಾದ ಸರಕನ್ನು ‘ಭವಿಷ್ಯದ ಸರಕು’ ಎಂದು ಗುರುತಿಸಿ, ಅಂಥದ್ದರ ಮಾರಾಟವನ್ನು ಮುಂದೆ ಮಾರುವ ಒಪ್ಪಂದವೆಂದು ಪರಿಗಣಿಸುತ್ತದೆ. ತುಂಗಭದ್ರಾ ಕಾಲುವೆಯ ನೀರುಂಡು ಸಿರುಗುಪ್ಪದ ಗದ್ದೆಯಲ್ಲಿ ಇನ್ನೂ ಹಾಲುಗಟ್ಟುತ್ತಿರುವ ಭತ್ತಕ್ಕೆ ರೈಸ್‌ಮಿಲ್ಲಿನವರು ಬೆಲೆ ಮಾತಾಡಿದರೆ ಅದು ಈ ಬಗೆಯ ಒಪ್ಪಂದ. ಆದರೆ ಮಿಲ್ಲಿನವರು ಬದುವಿನ ಮೇಲೆ ನಿಂತು ಪೈರು ನೋಡುತ್ತಾರೆ, ಒಂದು ಪಾಲನ್ನಷ್ಟೇ ಮುಂಗಡ ಕೊಡುತ್ತಾರೆ, ಉಳಿದದ್ದನ್ನು ತೂಕವಾದ ಮೇಲೆ ಕೊಡುತ್ತಾರೆ. ಅರ್ಲಿ ಆಕ್ಸೆಸ್ ಗ್ರಾಹಕ ಅಂದಿನ ಬೆಲೆಯನ್ನು ಪೂರ್ತಿ ಕೊಟ್ಟುಬಿಡುತ್ತಾನೆ, ತಡೆಹಿಡಿಯಲು ಅವನ ಕೈಯಲ್ಲಿ ಏನೂ ಉಳಿಯುವುದಿಲ್ಲ. ಮೇಲಾಗಿ ಅವನಿಗೆ ಸಿಗುವುದು ಒಡೆತನವಲ್ಲ, ಬಳಸುವ ಪರವಾನಗಿ. ಯುಬಿಸಾಫ್ಟ್ ಸಂಸ್ಥೆಯ ‘ದ ಕ್ರ್ಯೂ’ ಎಂಬ ಓಟದ ಆಟ 2014ರಲ್ಲಿ ಬಂದು, ಅದರ ಸರ್ವರುಗಳನ್ನು 2024ರ ಮಾರ್ಚ್ 31ರಂದು ನಿಲ್ಲಿಸಿದಾಗ, ಪೂರ್ಣ ಬೆಲೆ ಕೊಟ್ಟವರ ಡಿಸ್ಕುಗಳೂ ನಿರುಪಯೋಗಿಯಾದವು. ಒಬ್ಬನೇ ಆಡುವುದಕ್ಕೂ ಆ ಆಟಕ್ಕೆ ಸರ್ವರಿನ ಸಂಪರ್ಕ ಬೇಕಾಗಿತ್ತು. ಮುಗಿದ ಆಟದ ಗತಿಯೇ ಇದಾದರೆ ಮುಗಿಯದ ಆಟಕ್ಕೆ ಹಣ ಕೊಡುವಾಗ, ಅಂತರ್ಜಾಲವಿಲ್ಲದೆಯೂ ಇದು ನಡೆಯುವುದೇ ಎಂದು ಕೇಳುವುದು ಅತಿಯೆನಿಸದು.

ಮನೆಯ ಹಿರಿಯರಲ್ಲಿ ಇನ್ನೊಂದು ಗೊಂದಲವೂ ಇದೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ನಿಷೇಧಿಸಿದ್ದು ಹಣ ಪಣಕ್ಕಿಟ್ಟು ಆಡುವ ಆಟಗಳನ್ನು. ಪಣವಲ್ಲದ ಚಂದಾ ಅಥವಾ ಒಮ್ಮೆ ಕೊಡುವ ಪ್ರವೇಶ ಶುಲ್ಕ ಪಡೆದು ಆಡಿಸುವ ಮನರಂಜನೆಯ ಆಟಗಳನ್ನು ಆ ಕಾಯ್ದೆ ಬೇರೆಯಾಗಿಯೇ ವಿಂಗಡಿಸಿದೆ. ಮಗ ಓಟದ ಆಟವೊಂದನ್ನು ಕೊಂಡನೆಂದರೆ ಜೂಜಿಗೆ ಇಳಿದನೆಂದು ಅರ್ಥವಲ್ಲ. ಆದರೆ ಹದಿನೆಂಟು ತುಂಬದವನು ಮಾಡುವ ಒಪ್ಪಂದಕ್ಕೆ 1872ರ ಕರಾರು ಕಾಯ್ದೆಯ ಪ್ರಕಾರ ಮಾನ್ಯತೆಯಿಲ್ಲ; ಆದ್ದರಿಂದ ಖಾತೆಯೂ ಪಾವತಿಯೂ ದೊಡ್ಡವರ ಹೆಸರಿನಲ್ಲಿ, ಅವರ ಅರಿವಿನಲ್ಲಿ ನಡೆಯಬೇಕು.

ತಕರಾರು ಹುಟ್ಟಿದರೆ ಬೆಂಗಳೂರಿಗೋ ದೆಹಲಿಗೋ ಅಲೆಯುವ ಅಗತ್ಯವಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ, ದೂರುದಾರ ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಸಲ್ಲಿಸುವ ಹಕ್ಕನ್ನು ಕೊಟ್ಟಿದೆ. ಮಾರಿದವನು ಎಲ್ಲೇ ಇರಲಿ, ಹಚ್ಚೊಳ್ಳಿಯವರ ದೂರು ಬಳ್ಳಾರಿಯ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತದೆ. ವಿದೇಶದ ಸಂಸ್ಥೆಯನ್ನು ಅಲ್ಲಿಗೆ ಕರೆಸುವುದು ಹೇಳಿದಷ್ಟು ಸುಲಭವಲ್ಲ. ಹಾಗಾಗಿ ಮೊದಲು ಮಳಿಗೆಗೆ ಲಿಖಿತ ದೂರು, ಆಮೇಲೆ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕೊನೆಗೆ ಆಯೋಗ ಎಂಬ ಕ್ರಮ ಒಳ್ಳೆಯದು. ಅರೆಸಿದ್ಧ ಆಟದ ವಿಷಯದಲ್ಲಿ ಸಾಕ್ಷ್ಯ ಬೇಗ ಮಾಯವಾಗುತ್ತದೆ, ಏಕೆಂದರೆ ನಿರ್ಮಾಪಕರು ಆಟವನ್ನು ಬದಲಿಸಿದಂತೆಲ್ಲ ಮಾರಾಟದ ಪುಟವನ್ನೂ ತಿದ್ದುತ್ತಾರೆ, ಕೊಟ್ಟ ತಾರೀಖು ಸದ್ದಿಲ್ಲದೆ ಮುಂದಕ್ಕೆ ಹೋಗಿರುತ್ತದೆ. ಕಾರು ಮತ್ತು ಟ್ರ್ಯಾಕುಗಳ ಸಂಖ್ಯೆ, ಪೂರ್ಣಗೊಳ್ಳುವ ಅಂದಾಜು ಕಾಲ, ಬೆಲೆಯ ಬಗ್ಗೆ ಕೊಟ್ಟ ಮಾತು ಇವಿಷ್ಟೂ ಕಾಣುವಂತೆ ಆ ಪುಟದ ಸ್ಕ್ರೀನ್‌ಶಾಟನ್ನು ಹಣ ಪಾವತಿಸಿದ ದಿನವೇ ತೆಗೆದು, ಇ-ಮೇಲ್‌ಗೆ ಬಂದ ರಸೀದಿಯ ಜೊತೆ ಇಟ್ಟುಕೊಳ್ಳಬೇಕು.